ರಾಚವ್ವನವರ ಸನ್ನಿಧಾನಕ್ಕೆ, ಸುಟ್ಟ ಟೆಂಟಿನ ವರದಿ

ಬನ್ನಂಜೆ, ಉಡುಪಿ
ಡಿಸೆಂಬರ್ ೧೪, ಭಾನುವಾರ

ಶ್ರೀಮತ್ ಸಮಸ್ತ ಜೋಳದ ರೊಟ್ಟಿ ಸಾಮ್ರಾಜ್ಯದ ಏಕೈಕ ಚಕ್ರವರ್ತಿನಿ, ಶೇಂಗಾ ಹಿಂಡಿ ದುರ್ಗದ ಒಡತಿ, ಮಣಿಪಾಲದ ಮುಗಿಲೆತ್ತರದ ಕಟ್ಟಡಗಳಿಗೆ ಜಲ್ಲಿ ಹೊತ್ತು ಅವುಗಳ ನೆತ್ತಿಯ ಮೇಲೆ ನಿಂತು ಸಮುದ್ರ ನೋಡಿದ ವೀರಮಾತೆ, ಗುರಲಿಂಗಪ್ಪನವರ ಧರ್ಮಪತ್ನಿ, ರಾಮಲಿಂಗನೆಂಬ ಕ್ರೂರಪ್ರಾಣಿಯನ್ನು ಹೆತ್ತ ತಪ್ಪೊಂದನ್ನು ಬಿಟ್ಟರೆ ಸರ್ವದೋಷರಹಿತೆಯಾದ ಮಾತೃಶ್ರೀ ರಾಚವ್ವನವರ ಪಾದಾರವಿಂದಗಳಿಗೆ, ಅರ್ಧ ಹಲ್ಲಿನ ಉಜ್ವಲನು ಅಡ್ಡಬಿದ್ದು, ಬಿದ್ದಲ್ಲಿಂದಲೇ ಮಾಡಿಕೊಳ್ಳುವ ಬಿನ್ನಹ.

ಅವ್ವಾ, ನಿಮಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತುಂಟು. ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಮಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನಿಟ್ಟೆಯ ಹಾಸ್ಟೆಲಿಗೂ ಬರುತ್ತಿಲ್ಲ. ನಮ್ಮ ರೂಮಿನಲ್ಲಿ ಅವನ ಟವೆಲು ಒಬ್ಬಂಟಿಯಾಗಿ ನೇತಾಡುತ್ತಿದೆ. ಆದರೆ ಈ ಕಾಗದ ನಿಮ್ಮ ಕೈಗೆ ಬಂದರೆ ನೀವು ಅವನನ್ನೇ ಕೂರಿಸಿಕೊಂಡು "ಓದಪಾ, ಏನ್ ಬರ್ದಾನ ನೋಡೂಣು" ಎನ್ನುತ್ತೀರಿ. ಆಗ ಅವನು ಓದಲೇಬೇಕು. ತನ್ನ ಶಾಸನವನ್ನು ವೈರಿಯ ಬಾಯಿಂದಲೇ ಓದಿಸುವ ಭಾಗ್ಯ ಯಾವ ಅರಸನಿಗೆ ಸಿಕ್ಕಿತ್ತು? ರಾಮಲಿಂಗಾ, ಸಾಲು ಹಾರಿಸಬೇಡ. ಬಲಗೈಗೆ ಬ್ಯಾಂಡೇಜು ಎಂಬ ನೆಪ ಬೇಡ, ಕಾಗದ ಹಿಡಿಯಲು ಎಡಗೈ ಸಾಕು. "ಕ್ರೂರಪ್ರಾಣಿ" ಎಂಬಲ್ಲಿ ನುಂಗಿಕೊಂಡು ಓದಿದ್ದರೆ ಹಿಂದೆ ಹೋಗಿ ಸ್ಪಷ್ಟವಾಗಿ ಓದು.

ಮೊದಲು ಬುತ್ತಿಯ ವಿಷಯ. ಮೊನ್ನೆ ಗುರಲಿಂಗಪ್ಪನವರು ಸೆಂಟ್ರಿಂಗ್ ಕೆಲಸ ಬಿಟ್ಟು, ಸಿಮೆಂಟ್ ಮೆತ್ತಿದ ಅಂಗಿಯಲ್ಲೇ ಬಸ್ಸು ಹತ್ತಿ ನಮ್ಮ ಗೇಟಿನವರೆಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕಟಕ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟು, "ನೀ ಚಾಕು ಹಾಕಿ ಹರಿದು ಎಳೀಲಿಲ್ಲಂದ್ರ ನನ್ನ ಮಗ ಆ ಟೆಂಟಿನಾಗ ಸುಟ್ಟು ಹೋಗ್ತಿದ್ದ, ತಮ್ಮಾ" ಎಂದು ನನ್ನ ತಲೆ ಸವರಿದರು. ರಾಮಲಿಂಗ ನಿಮಗೆ ಹಾಗೆ ಹೇಳಿದ್ದಾನಂತೆ. ನನ್ನ ಹಲ್ಲು ಕಲ್ಲಿನ ಮೇಲೆ ಬಿದ್ದು ಮುರಿಯಿತೆಂದೂ ಹೇಳಿದ್ದಾನಂತೆ. ಸಂತೋಷ. ರೊಟ್ಟಿಯನ್ನು ಹಲ್ಲಿನ ದೆಸೆಯಿಂದ ಚಹಾದಲ್ಲಿ ಅದ್ದಿ ತಿಂದೆ, ಚೂರೂ ಉಳಿಸಲಿಲ್ಲ ಎಂದು ಶ್ರೀಪಾದಕ್ಕೆ ಅರಿಕೆ.

ಈಗ ಯುದ್ಧಕಾಂಡ. ಇದಕ್ಕೆಲ್ಲ ಮೂಲ ನೀವೇ ಅವ್ವಾ, ಮರೆಯಬೇಡಿ. ಜನವರಿಯಲ್ಲಿ ಹಿಮಾಚಲಕ್ಕೆ ಹೋಗಿ ಹಿಮದ ಮೇಲೆ ಟೆಂಟ್ ಹಾಕಿ ಮಲಗುತ್ತೇವೆ ಎಂದು ನಾವು ಅಪ್ಪಣೆ ಬೇಡಿದಾಗ ನೀವು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಒಲಿ ಇಲ್ಲದ ಜಾಗಾದಾಗ ನನ್ನ ಮಗ ಮಲಗಂಗಿಲ್ಲ" ಎಂದಿರಿ. ಟೆಂಟಿನೊಳಗೆ ಒಲೆ ಇಡಲಾಗುವುದಿಲ್ಲ ಅವ್ವಾ ಎಂದು ನಾನು ವಿಜ್ಞಾನ ಹೇಳಿದೆ. "ಹಂಗಾರ ಒಲಿ ಹಿಡಿಯೂ ಟೆಂಟ್ ನೋಡ್ರಿ, ಇಲ್ಲಾ ಮನ್ಯಾಗ ಬಿದ್ದಿರ್‍ರಿ" ಎಂದು ಮತ್ತೊಂದು ರೊಟ್ಟಿಗೆ ಹೊಡೆದಿರಿ. ಆ ಏಟಿನ ಸದ್ದು ನಮಗೆ ರಣಕಹಳೆಯಾಯಿತು.

ಒಲೆ ಹಿಡಿಯುವ ಟೆಂಟ್ ಎಂಬುದು ನಿಜಕ್ಕೂ ಉಂಟು. ದಪ್ಪ ಕ್ಯಾನ್ವಾಸಿನದು. ಮಾಡಿನಲ್ಲಿ ಹೊಗೆಕೊಳವೆ ಹೋಗಲು ತೂತು, ತೂತಿನ ಸುತ್ತ ಬೆಂಕಿ ತಾಳುವ ಬಳೆ. ರಾಮಲಿಂಗ ಅದನ್ನೇ ತೆಗೆದುಕೊಳ್ಳೋಣ ಎಂದ. ನಾನು, ಅದು ಆನೆಮರಿಯಷ್ಟು ಭಾರ, ನೈಲಾನಿನದು ತರೋಣ, ತೂತು ನಾವೇ ಕೊರೆಯೋಣ, ಇಂಜಿನಿಯರಿಂಗ್ ಓದಿದ್ದು ಎಂತಕ್ಕೆ ಎಂದೆ. ಅಂದೇ ಮೊದಲ ಗುದ್ದಾಟ. ಅವನು ನನ್ನ ಕುತ್ತಿಗೆ ಹಿಡಿದ, ನಾನು ಅವನ ಕಿವಿ ಕಚ್ಚಿದೆ. ಕಿವಿ ಕಚ್ಚಿಸಿಕೊಂಡವನು ಸೋತ ಎಂಬ ನಿಯಮದಂತೆ ನೈಲಾನ್ ಬಂತು.

ಕಾರ್ಕಳದ ಬಂಡೆಯ ಮೇಲೆ ಅದನ್ನು ಬಿಡಿಸಿದ ದಿನ ಗಾಳಿ ನಮ್ಮನ್ನು ಹಿಡಿದು ಬಡಿಯಿತು. ಟೆಂಟಿನ ಕಡ್ಡಿ ಕೈಯಿಂದ ಚಿಮ್ಮಿ ನನ್ನ ಹುಬ್ಬು ಸೀಳಿತು. ಇವನು ಹಗ್ಗ ಹಿಡಿದವನು ಬಿಡದೆ, ಬಂಡೆಯ ಮೇಲೆ ಮೊಣಕಾಲಿನ ಚರ್ಮ ಸುಲಿದುಕೊಂಡು ಉದ್ದಕ್ಕೂ ಉಜ್ಜಿಕೊಂಡು ಹೋದ. ರಕ್ತ ಒರೆಸಿಕೊಳ್ಳುತ್ತಾ "ಈಗರೇ ಕೇಳೋ, ಇದು ಬ್ಯಾಡ" ಎಂದ. ನಾನು ಕೇಳಲಿಲ್ಲ. ಹಿಡಿದ ಹಗ್ಗ ಬಿಡದಿರುವುದು ಇವನ ಕೆಟ್ಟ ಗುಣ.

ಆಮೇಲೆ ನಾವು ಹೆಜಮಾಡಿಯ ಬೆಂಜಮಿನ್ ಹತ್ತಿರ ಹೋದೆವು. ಅವನು ದೋಣಿಗಳಿಗೆ ಫೈಬರ್ ಹೊಡೆಯುವವನು. ಆ ಗಾಜಿನ ನಾರಿನ ಬಟ್ಟೆ ಬೆಂಕಿಗೆ ಸುಡುವುದಿಲ್ಲ, ಅದನ್ನೇ ತೂತಿನ ಸುತ್ತ ಕಟ್ಟೋಣ ಎಂದು ನನ್ನ ಲೆಕ್ಕ. ಅಲ್ಲಿಯವರೆಗೆ ಸರಿಯೇ ಇತ್ತು. ಆದರೆ ಅವ್ವಾ, ನಾವು ಕರಾವಳಿಯವರು. ಮನೆಯಾಗಲಿ, ಚಪ್ಪಲಿಯಾಗಲಿ, ಮದುವೆ ಹಾಲ್ ಆಗಲಿ, ನಾವು ಮೊದಲು ಕೇಳುವುದು ಒಂದೇ: ಸೋರುತ್ತದಾ? ಬೆಂಕಿ ನಮ್ಮ ಶತ್ರುಗಳ ಪಟ್ಟಿಯಲ್ಲೇ ಇಲ್ಲ. ಬಟ್ಟೆಯ ಸಂದಿಯಲ್ಲಿ ನೀರು ಇಳಿದರೆ ಎಂತ ಮಾಡುವುದು ಎಂದು ನಾನು ಕೇಳಿದೆ. ಬೆಂಜಮಿನ್ ತಲೆ ತುರಿಸಿ, ದೋಣಿಗೆ ಹಚ್ಚುವ ರಾಳವನ್ನೇ ಇದಕ್ಕೂ ಬಳಿಯೋಣ ಮಾರಾಯ, ಒಂದು ಹನಿ ಇಳಿದರೆ ಕೇಳು ಎಂದ. ಬಟ್ಟೆ ಸುಡುವುದಿಲ್ಲ ನಿಜ, ರಾಳ ಸುಡುತ್ತದಾ ಎಂದು ಮೂವರಲ್ಲಿ ಒಬ್ಬನೂ ಕೇಳಲಿಲ್ಲ. ಹಿಮಾಚಲದ ಹಿಮದಲ್ಲಿ ಮುಳುಗದ ಟೆಂಟೊಂದನ್ನು ನಾವು ತಯಾರಿಸಿದೆವು.

ಕಾಪು ಕಡಲತೀರದಲ್ಲಿ, ದೀಪಸ್ತಂಭದ ಜನಜಂಗುಳಿಯಿಂದ ದೂರ, ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷೆ. ಬೆಂಜಮಿನ್ ತೆಂಗಿನ ನೆರಳಲ್ಲಿ ಸೋಡಾ ಕುಡಿಯುತ್ತಾ ಕುಳಿತ. ನಾವಿಬ್ಬರು ಚಡ್ಡಿಯಲ್ಲಿ ಒಳಗೆ ಹೋಗಿ ಜಿಪ್ ಎಳೆದುಕೊಂಡು ತಗಡಿನ ಒಲೆಗೆ ಗೆರಟೆ ತುಂಬಿದೆವು. ಬಚ್ಚಲಿನ ಹಂಡೆಗೆ ಹಾಕುವ ತೆಂಗಿನ ಗೆರಟೆ ಅವ್ವಾ, ಅದರ ಬೆಂಕಿಗೆ ಮಾನ ಮರ್ಯಾದೆ ಇಲ್ಲ. ಕೊಳವೆ ಕೆಂಪಗಾಯಿತು. "ಸಾಕ್ ಬಿಡೋ" ಎಂದ ಇವನು. ಅಲ್ಲಿ ಹಿಮದಲ್ಲಿ ನಿನ್ನ ಅಜ್ಜ ಬಂದು ಹಾಕುತ್ತಾನಾ ಎಂದು ಇನ್ನೆರಡು ಹಿಡಿ ತುರುಕಿದೆ. ಆಗ ತೂತಿನ ಸುತ್ತಲಿನ ಪಟ್ಟಿ ಹಳದಿಯಾಯಿತು, ಕಪ್ಪಾಯಿತು, ಉರಿಯುವ ಹನಿಗಳಾಗಿ ನಮ್ಮ ಮೇಲೆ ಸುರಿಯಿತು. ಒಂದು ಹನಿ ಇವನ ಹೆಗಲಿಗೆ ಅಂಟಿಕೊಂಡು ಅಲ್ಲೇ ಉರಿಯಿತು. ಮಾಡು ಹೊತ್ತಿತು. ಹೊಗೆ ಎಂದರೆ ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗೆ.

ಆಮೇಲಿನದು ನಿಮ್ಮ ಮಗ ನಿಮಗೆ ಹೇಳಿದ ಹಾಗೆಯೇ. ನಾನು ಸೊಂಟದಿಂದ ಹೊಸ ಚಾಕು ಸೆಳೆದೆ. ಆ ನೈಲಾನ್ ರಾಕ್ಷಸನ ಎದೆಗೆ ಇರಿದು ಕಿಬ್ಬೊಟ್ಟೆಯವರೆಗೆ ಸೀಳಿದೆ. ಇವನನ್ನು ಕೂದಲು ಹಿಡಿದು ಎಳೆದು ಮರಳಿನ ಮೇಲೆ ಕೆಡವಿದೆ. ಚಾಕು ನನ್ನ ಕೈಯಲ್ಲಿದ್ದರೆ ಅಂಗೈ ಇವನದು ಯಾಕೆ ಸುಟ್ಟಿತು ಎಂದು ಕೇಳಬೇಡಿ. ಯುದ್ಧದಲ್ಲಿ ಅಂಥ ಪ್ರಶ್ನೆ ಕೇಳುವ ಸಂಪ್ರದಾಯವಿಲ್ಲ.

ಇವನು ನಿಮಗೆ ಹೇಳದ ಭಾಗ ಮುಂದಿದೆ. ರಾಮಲಿಂಗಾ, ಕೆಮ್ಮಬೇಡ, ಓದು. ಅವ್ವಾ, ನನ್ನ ಹಲ್ಲು ಮುರಿದದ್ದು ಕಲ್ಲಲ್ಲ. ನಿಮ್ಮ ಮಗ. ಅವನು ಎದ್ದು ಬಂದು ನನ್ನ ಬಾಯಿಗೆ ಗುದ್ದಿದ. ಸುಟ್ಟ ಕೈಯಲ್ಲೇ ಗುದ್ದಿದ. ಚರ್ಮ ಕಿತ್ತುಬಂದ ಕೈಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೊಡೆಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಿದ್ದವನ ಎದೆಯ ಮೇಲೆ ಕುಳಿತು ಮತ್ತೆ ಮತ್ತೆ ಹೊಡೆದ. ಬಾಯಿ ತುಂಬ ಮರಳು, ರಕ್ತ, ಅರ್ಧ ಹಲ್ಲು. ಅವನ ರಕ್ತ ಯಾವುದು, ನನ್ನದು ಯಾವುದು ತಿಳಿಯಲಿಲ್ಲ. ಹೊಡೆಯುವಾಗ ಒಂದೇ ಪದವನ್ನು ಹೇಳುತ್ತಿದ್ದ, ಅದೇನೆಂದು ನನಗೆ ಕೇಳಿಸಲಿಲ್ಲ. ಬೆಂಜಮಿನ್ ಓಡಿ ಬಂದು "ಬಿಡು ಮಾರಾಯ, ಸಾಯ್ತಾನೆ ಅವ" ಎಂದು ಅವನ ಸೊಂಟಕ್ಕೆ ಜೋತುಬಿದ್ದ ಮೇಲೆ ನಿಂತ. ಹೊಗೆ ತಲೆಗೇರಿ, ಕಾಪಾಡಿದವನು ಯಾರೆಂದು ಗುರುತು ಸಿಗದೆ ಹೊಡೆದನೆಂದು ನಾನು ಉದಾರವಾಗಿ ತೀರ್ಪು ಕೊಟ್ಟಿದ್ದೇನೆ.

ಕೊನೆಯದಾಗಿ ರಾಜಕಾರ್ಯ. ನಿನ್ನೆ ಆ ಕ್ಯಾನ್ವಾಸ್ ಟೆಂಟನ್ನೇ ತರಿಸಲು ಹೇಳಿದ್ದೇನೆ, ಇವನು ಮೊದಲು ಹೇಳಿದ್ದನ್ನೇ. ಕೊಳವೆಯ ತೂತಿಗೆ ಕಬ್ಬಿಣದ ಬಳೆ ಕಂಪನಿಯವರೇ ಹಾಕಿರುತ್ತಾರೆ. ಒಲೆ ಇಡುವಲ್ಲಿ ನೆಲದ ಬಟ್ಟೆ ಇಲ್ಲ, ಕೆಂಡ ಬಿದ್ದರೆ ಮಣ್ಣಿಗೆ. ಬಾಗಿಲು ಎರಡು, ಎದುರುಬದುರು. ಅಂಗಡಿಯವನು ಒಂದೇ ಬಾಗಿಲಿನದು ಹಗುರ ಎಂದ. ನನಗೆ ಎರಡೇ ಬೇಕು ಎಂದೆ. ಗಾಳಿಯಾಡಲಿ ಎಂದು.

ಅದು ಒಬ್ಬನಿಂದ ಹೊರಲಾಗುವುದಿಲ್ಲ ಅವ್ವಾ. ಅಂಗಡಿಯಲ್ಲಿದ್ದ ಅಂಥದ್ದೊಂದನ್ನು ನಾನು ಎತ್ತಿ ನೋಡಿದೆ. ಬೇರೆ ಯಾರನ್ನೂ ಕರೆದಿಲ್ಲ, ಕರೆಯುವುದೂ ಇಲ್ಲ. ಅಪ್ಪಣೆ ನಿಮ್ಮದು, ಬರುವುದು ಬಿಡುವುದು ಇದನ್ನು ಓದುತ್ತಿರುವವನದು.

ಇಂತಿ ತಮ್ಮ ರೊಟ್ಟಿಯ ಋಣದಲ್ಲಿ ಬಿದ್ದಿರುವ,
ಕಾಪು ಮಹಾಸಮರದ ಏಕಮಾತ್ರ ವೀರ,
ಉಜ್ವಲ್

ಮರೆತದ್ದು: ರಾಮಲಿಂಗಾ, ಇದನ್ನೂ ಜೋರಾಗಿಯೇ ಓದು. ಅವ್ವಾ, ಅವನು ಹೇಳುತ್ತಿದ್ದ ಪದ ನನಗೆ ಕೇಳಿಸಿತ್ತು. "ಓಡಿದಿ" ಎನ್ನುತ್ತಿದ್ದ. ಜಿಪ್ ತೆಗೆದು ಮೊದಲು ಹೊರಬಿದ್ದವನು ನಾನು. ಓಡುವ ಭರಕ್ಕೆ ಕಾಲು ತಾಗಿ ಕಂಬ ಕಳಚಿ ಉರಿಯುವ ಟೆಂಟು ಇವನ ಮೇಲೆ ಕುಸಿಯಿತು. ತಿರುಗಿ ನೋಡಿದೆ, ಒಳಗೆ ಹೋಗಲಿಲ್ಲ. ಇವನು ಬರಿಗೈಯಲ್ಲಿ ಹರಿದುಕೊಂಡು ಬಂದ. ನಿಮ್ಮ ರೊಟ್ಟಿ ಗಂಟಿನಲ್ಲಿ ಹಾಗೆಯೇ ಉಂಟು, ಅದು ಹಲ್ಲಿನ ತಪ್ಪಲ್ಲ. ಇನ್ನು ಆ ಚಾಕು. ಅದರ ಪ್ಲಾಸ್ಟಿಕ್ ಕವರನ್ನು ನಾನು ಇನ್ನೂ ಬಿಚ್ಚಿಲ್ಲ.