ಎರಡನೆಯ ಕ್ಯಾಸೆಟ್ಟಿನ ನಿಧಾನ

ಮನೆ, ಮಾರ್ಚ್ ೧೨
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತಾ, ಇಲ್ಲ ಹಡಗಿನ ಅಡುಗೆಮನೆಯಲ್ಲಿ ಇನ್ನೂ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತುತ್ತಿದ್ದೀಯಾ? ಐವತ್ತು ಹತ್ತಿರ ಬಂತು, ಹುಡುಗಾಟ ಸಾಕು. ನಾನು ಇದ್ದೇನೆ, ಹೀಗೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈ ವಾರ ಇಬ್ಬರು ರಜೆ, ಅವರ ಪಾಲಿನ ಹೊದಿಕೆಗಳಿಗೂ ನಾನೇ ಇಸ್ತ್ರಿ ಹಾಕಿದೆ. ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಫೋನು ಮಾಡಬಹುದಿತ್ತು, ಆದರೆ ಬ್ಯಾಂಡ್ ಅಂದ ಕೂಡಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನಿಮ್ಮ ರಾಕ್ ಬ್ಯಾಂಡಿಗೆ ಈಗ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ನಗಬೇಡ. ನೀವು ನಾಲ್ವರು ಗಂಟಲು ಹರಿದುಕೊಳ್ಳುತ್ತಿದ್ದ ಕಾಲದಲ್ಲಿ ಮುಂದಿನ ಸಾಲಿನಲ್ಲಿ ನಾನು, ಹಿಂದೆ ಹಾಲಿಗೆ ಬೀಗ ಹಾಕಲು ಕಾಯುತ್ತಿದ್ದ ವಾಚ್‌ಮನ್, ಇಷ್ಟೇ ಜನ. ಈಗ ನೋಡಿದರೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಮೂವತ್ತು ಜನ ಸೇರುತ್ತಾರೆ. ಅವರಿಗೆ ಮುಖಂಡ ಒಬ್ಬ ಹಲ್ಲಿನ ಡಾಕ್ಟರು. ಹೇಗೋ ನನ್ನ ವಿಳಾಸ ಪತ್ತೆ ಮಾಡಿ, ಹಾಡುಗಾರನ ಅಕ್ಕ ಬರಲೇಬೇಕು ಎಂದು ತಲೆ ತಿಂದ. ಹೋದ ಭಾನುವಾರ ಹೋದೆ. ಪ್ಲಾಸ್ಟಿಕ್ ಕುರ್ಚಿ, ಒಂದು ಟೇಪ್ ರೆಕಾರ್ಡರ್, ಟೀ ಫ್ಲಾಸ್ಕು. ನಿಮ್ಮ ಮೊದಲ ಕ್ಯಾಸೆಟ್ ಅವಸರದ್ದಂತೆ, ಯಾರನ್ನೋ ಮೆಚ್ಚಿಸಲು ಮಾಡಿದ್ದಂತೆ. ಎರಡನೆಯದೇ ಅಸಲಿಯಂತೆ. ಆ ನಿಧಾನ, ಆ ಭಾರದ ದನಿ, ಗಿಟಾರು ಕಾಲೆಳೆದುಕೊಂಡು ನಡೆಯುವ ರೀತಿ. ಬೇರೆ ಬ್ಯಾಂಡುಗಳು ಅಲ್ಲಿಗೆ ಬರಲು ಹತ್ತು ವರ್ಷ ಹಿಡಿಯಿತು, ಇವರನ್ನು ಮಾತ್ರ ಯಾರೂ ಕ್ಯಾರೇ ಅನ್ನಲಿಲ್ಲ ಎಂದು ಡಾಕ್ಟರು ಕಣ್ಣಲ್ಲಿ ನೀರು ತಂದುಕೊಂಡ. ಒಬ್ಬ ಬಸ್ ಕಂಡಕ್ಟರ್ ಎದ್ದು, ಮೂರನೆಯ ಹಾಡು ಕೇಳಿದರೆ ನನಗೆ ಆಕಳಿಕೆ ಬರುತ್ತದೆ ಅಂದ. ಎಲ್ಲರೂ ಸೇರಿ ಅವನನ್ನು ಕೂರಿಸಿದರು. ನನಗೇನೋ ಆ ಮನುಷ್ಯನ ಮೇಲೇ ಪ್ರೀತಿ ಬಂತು.

ಅಲ್ಲಿಗೆ ಡಬ್ಬಿಯೂ ಬಂದಿದ್ದ. ಹೌದು, ನಿಮ್ಮ ಡ್ರಮ್ಮರ್, ಚಿಕ್ಕಂದಿನಲ್ಲಿ ನಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಡಿದು ಸೊಟ್ಟ ಮಾಡಿದವನು. ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ, ತಲೆ ಪೂರ್ತಿ ಬೋಳು. ಕೊನೆಯ ಸಾಲಿನಲ್ಲಿ ಕೂತವನನ್ನು ಗುರುತು ಹಿಡಿದು ಮುಂದಕ್ಕೆ ಕರೆತಂದರು, ಇಷ್ಟು ನಿಧಾನವಾಗಿ ಬಾರಿಸುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರು. ಧೈರ್ಯ ಅಲ್ಲ ಸಾರ್, ನನಗೆ ತಾಳ ನಿಲ್ಲುತ್ತಿರಲಿಲ್ಲ, ಅದಕ್ಕೇ ಬ್ಯಾಂಡ್ ಮುರೀತು ಅಂದ. ಅವರು ವಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು. ವಿನಯ ಅಲ್ಲ ಕಣೋ. ಆಮೇಲೆ ಮೆಟ್ಟಿಲ ಹತ್ತಿರ ಹೇಳಿದ, ಅವತ್ತಿನಿಂದ ಡ್ರಮ್ಮಿನ ಹತ್ತಿರ ಸುಳಿದಿಲ್ಲವಂತೆ. ಮಗಳು ಕಲಿಯುತ್ತೇನೆ ಅಂದಾಗಲೂ, ನಮ್ಮ ರಕ್ತದಲ್ಲಿ ಅದಿಲ್ಲ ಬಿಡು ಅಂದನಂತೆ. ಆ ಕ್ಯಾಸೆಟ್ ಕೇಳಿದ ದಿನ ನೀನು ನಮ್ಮ ಅಡುಗೆಮನೆಯಲ್ಲಿ ನಿಂತು ಅವನಿಗೆ, ನೀನು ಬಾರಿಸ್ತಿಲ್ಲ ಹೆಣ ಎಳೀತಿದ್ದೀಯ ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ, ಅವನಿಗೆ ಅಕ್ಷರ ಅಕ್ಷರ ನೆನಪಿದೆ. ಆದರೂ ನಿನ್ನ ಬಗ್ಗೆ ಒಂದು ಕೆಟ್ಟ ಮಾತಾಡಲಿಲ್ಲ. ಅವನು ಹೇಳಿದ್ದು ಸರಿಯಾಗೇ ಇತ್ತಕ್ಕಾ ಅಂದ, ನಿನ್ನ ಆರೋಗ್ಯ ವಿಚಾರಿಸಿದ.

ಆ ಕ್ಯಾಸೆಟ್ಟನ್ನು ಇವರೀಗ ದೊಡ್ಡ ರೆಕಾರ್ಡ್ ಮಾಡಿ ತರುತ್ತಾರಂತೆ, ಜೊತೆಗೊಂದು ಪುಸ್ತಿಕೆ. ಮೂಲ ಟೇಪು ಇದೆಯಾ ಎಂದು ಕೇಳಿದರು. ನಾವು ವಾಪಸ್ ಕೊಟ್ಟ ಮೇಲೆ ಸ್ಟುಡಿಯೋದವರು ಅದರ ಮೇಲೆ ಸೋಪಿನ ಜಾಹೀರಾತು ತುಂಬಿಕೊಂಡದ್ದನ್ನು ಹೇಳಿದೆ. ಉಳಿದಿರುವುದು ನಾನು ಈ ಕೋಣೆಯಲ್ಲೇ ಕೂತು ಒಂದೊಂದಾಗಿ ಪ್ರತಿ ಮಾಡಿಕೊಟ್ಟ ಇನ್ನೂರು ಕ್ಯಾಸೆಟ್ಟುಗಳಷ್ಟೇ. ಹಾಗಾದರೆ ಆ ನಿಧಾನ ಎಲ್ಲಿಂದ ಬಂತು ಅಂತ ಪುಸ್ತಿಕೆಗೆ ನಾಲ್ಕು ಸಾಲು ಬರೆದುಕೊಡಿ ಅಂದರು. ಒಂದು ವಾರದಿಂದ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಸುಸ್ತಾಗಿದೆ ಕಣೋ, ನಿದ್ದೆ ಮಾಡಿದರೂ ಹೋಗದ ಸುಸ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲರಿಗೂ ಬಿಸಿಬಿಸಿ ಬಡಿಸಿ ನೀನು ತಂಗಳು ತಿನ್ನಬೇಡ. ಅಪ್ಪ ಅಮ್ಮ ಇದ್ದಿದ್ದರೆ ಹರಸುತ್ತಿದ್ದದ್ದನ್ನೂ ಸೇರಿಸಿ ನಾನೇ ಹರಸುತ್ತಿದ್ದೇನೆ, ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಇಪ್ಪತ್ತಾರು ವರ್ಷ ಹೋಗುತ್ತದೆ. ಡಬ್ಬಿಯ ತಾಳ ಸರಿಯಾಗೇ ಇತ್ತು. ನಾನು ಮೂಲ ಟೇಪು ಹಾಕಿದ್ದ ಹಳೇ ಪ್ಲೇಯರಿನ ಬೆಲ್ಟು ಸಡಿಲವಾಗಿತ್ತು. ಟೇಪು ನಿಧಾನ ತಿರುಗಿತು, ಇನ್ನೂರೂ ನಿಧಾನವಾಗೇ ಇಳಿದವು. ನಿನ್ನ ದನಿ ದಪ್ಪಗಾದದ್ದನ್ನು ನೀನು ನೆಗಡಿ ಅಂದುಕೊಂಡೆ. ನಲವತ್ತು ಕ್ಯಾಸೆಟ್ಟು ಮುಗಿಯುವಾಗಲೇ ನನಗೆ ಗೊತ್ತಾಗಿತ್ತು. ಎರಡು ಪಾಳಿ ಮುಗಿಸಿ ಬಂದಿದ್ದೆ, ಮತ್ತೆ ಮೊದಲಿಂದ ಶುರು ಮಾಡಲು ಮೈಯಲ್ಲಿ ಕಸುವಿರಲಿಲ್ಲ, ಯಾರಿಗೆ ತಿಳಿಯುತ್ತೆ ಅಂದುಕೊಂಡೆ. ನೀನು ಅವನನ್ನು ಬೈಯುವಾಗ ನಾನು ಅಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಬಾಯಿ ಬಿಡುವ ಬದಲು ನಲ್ಲಿ ಜೋರಾಗಿ ಬಿಟ್ಟುಕೊಂಡೆ. ತಪ್ಪು ನನ್ನದು. ಪುಸ್ತಿಕೆಗೂ ಇದನ್ನೇ ಬರೆದುಕೊಡುತ್ತೇನೆ, ಅಭಿಮಾನಿಗಳು ಏನು ಬೇಕಾದರೂ ಅಂದುಕೊಳ್ಳಲಿ. ಡಬ್ಬಿಗೂ ಇವತ್ತೇ ಬರೆದಿದ್ದೇನೆ. ಅವನ ಮನೆ ಎರಡು ಬೀದಿಯಾಚೆ, ನಾಳೆ ಬೆಳಿಗ್ಗೆ ಅವನ ಕೈಸೇರುತ್ತದೆ. ಇದು ಬಂದರು ಬಂದರು ಸುತ್ತಿ ನಿನ್ನನ್ನು ತಲುಪುವಷ್ಟರಲ್ಲಿ ಅವನಿಗೆ ಗೊತ್ತಾಗಿ ತಿಂಗಳು ಕಳೆದಿರುತ್ತದೆ, ನಿನ್ನ ದಾರಿ ಕಾಯುತ್ತಿರುತ್ತಾನೆ. ನನ್ನನ್ನು ಬೈಯುವುದು ಆಮೇಲಿರಲಿ, ಮೊದಲು ಅವನ ಕ್ಷಮೆ ಕೇಳು.