ಪ್ರೂನ್‌ಳ ನೀರಿನ ಬಟ್ಟಲು

ಲಿಯೋನ್, ಬುಧವಾರ

ಮೊಸ್ಯೂ ಫೆರಾನ್ ಅವರಿಗೆ,

ನಿನ್ನೆ ಮಧ್ಯಾಹ್ನ ನಿಮ್ಮ ಹೋಟೆಲಿನ ಬಾಗಿಲಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಹೊಸ ಬೋರ್ಡು ನೋಡಿದೆ. ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ನಾನು ಅಲ್ಲಿಗೆ ಊಟಕ್ಕೆ ಬರುವುದು ನನ್ನ ನಾಯಿ ಪ್ರೂನ್ ಜೊತೆಗೇ. ನಿಮಗೆ ಹೋಟೆಲು ಮಾರಿ ಹೋದ ಮದಾಮ್ ಬರ್ತ್ ಮೊದಲು ಮೇಜಿನ ಕೆಳಗೆ ಅವಳಿಗೆ ನೀರಿಟ್ಟು, ಆಮೇಲೆ ನನ್ನ ಕಡೆ ತಿರುಗಿ, ‘ನಿಮಗೇನು ಕೊಡ್ಲಿ?’ ಎನ್ನುತ್ತಿದ್ದರು. ಈ ಊರಿನ ಮರ್ಯಾದೆ ಅದು.

ನೀವೋ, ಅಡುಗೆಮನೆಯ ಕಿಂಡಿಯಿಂದಲೇ ಕೂಗಿದಿರಿ: ‘ನಾಯೀನ ಹೊರಗೆ ಕಟ್ಟಿ ಬನ್ನಿ ಮದಾಮ್. ನಮಗೆ ಸ್ವಚ್ಛತೆ ಮುಖ್ಯ.’

‘ನನ್ನ ಗಂಡ ಇದ್ದಾಗ ಇವಳಿಗಿಂತ ಹೆಚ್ಚು ಚೆಲ್ಲಾಡ್ತಿದ್ದ. ಅವನನ್ನೇ ಯಾರೂ ಹೊರಗೆ ಕಟ್ಟು ಅನ್ಲಿಲ್ಲ’ ಎಂದೆ. ಆದರೂ ಕಟ್ಟಿ ಬಂದೆ.

ಒಳಗೆ ಕೂತು ಅದೇ ಕಿಂಡಿಯಲ್ಲಿ ನೋಡಿದೆ. ಬಾತುಕೋಳಿ ಸಾರಿನ ರುಚಿ ನೋಡಿ, ಚಮಚ ನೆಕ್ಕಿ, ಅದನ್ನೇ ಮತ್ತೆ ಪಾತ್ರೆಗೆ ಅದ್ದಿದಿರಿ. ಒಂದಲ್ಲ, ಮೂರು ಸಲ. ಪ್ರೂನ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಇನ್ನೊಬ್ಬರ ತಟ್ಟೆಗೆ ಬಾಯಿ ಹಾಕಿದವಳಲ್ಲ.

ನನ್ನ ಪಾಲಿನ ಬಾತುಕೋಳಿಯನ್ನು ಮುಟ್ಟದೆ ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಅವಳ ಮುಂದಿಟ್ಟೆ. ಮೂಸಿದಳು, ನನ್ನ ಮುಖ ನೋಡಿದಳು, ಹೋಗಿ ಮಲಗಿದಳು.

ಬೋರ್ಡು ತೆಗೆಯಿರಿ ಎಂದು ಬೇಡಿಕೊಳ್ಳುವ ಪತ್ರವಲ್ಲ ಇದು. ಅದು ಅಲ್ಲೇ ಇರಲಿ. ಗಲ್ಲಾದ ಹಿಂದೆ ಪ್ರೂನ್ ನೀರು ಕುಡಿಯುತ್ತಿದ್ದ ನೀಲಿ ಬಟ್ಟಲಿದೆ, ಅದನ್ನು ಕಳಿಸಿಕೊಡಿ. ತೊಳೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಕೈ ಸೋಕಿದ್ದನ್ನು ನಾನೇ ಬಿಸಿನೀರಿನಲ್ಲಿ ಎರಡು ಸಲ ತೊಳೆದುಕೊಳ್ಳುತ್ತೇನೆ.

ಪ್ರೂನ್‌ಗೆ ಸ್ವಚ್ಛತೆ ಮುಖ್ಯ.

ಓಡಿಲ್ ಗಾರ್ನೊ
(ಕಿಟಕಿ ಪಕ್ಕದ ಮೇಜಿನವಳು)