ಅರ್ಧ ಎತ್ತರ

ಪಾದರಕ್ಷೆ ಕಾರ್ಯಾಗಾರದ ಹಿಂದಿನ ಕೋಣೆ,
ಶನಿವಾರ, ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎಡ ಮಂಡಿಯ ಊತ ಇಳಿಯಿತೇ? ಹೋದ ವಾರ ಫೋನಿನಲ್ಲಿ ಅಮ್ಮ, "ನಿಮ್ಮಪ್ಪಂಗೇನಾಗಿದೆ, ಗುಂಡುಕಲ್ಲಿನ ಹಾಗಿದಾರೆ" ಎಂದಳು. ಹಾಗೆ ಹೇಳಿದಳೆಂದರೆ ನೀನು ಪಕ್ಕದಲ್ಲೇ ನಿಂತು ಕಣ್ಸನ್ನೆ ಮಾಡುತ್ತಿದ್ದೀಯ ಎಂದೇ ಅರ್ಥ, ನನಗೆ ಗೊತ್ತು. ನೀನು ಹೊಡೆಯುತ್ತಿದ್ದ ಗಂಟೆಯ ಬದಲು ಶಾಲೆಗೆ ಕರೆಂಟಿನ ಗಂಟೆ ಬಂದಿದೆಯಂತೆ. ಆಟದ ಹೊತ್ತು ಮುಗಿದ ಮೇಲೂ ಮಕ್ಕಳಿಗೆ ಒಂದು ನಿಮಿಷ ಜಾಸ್ತಿ ಬಿಡುವ ನಿನ್ನ ಗುಣ ಅದಕ್ಕೆಲ್ಲಿಂದ ಬರಬೇಕು? ಇನ್ನು ನೀರಿನ ಜಗ್ಗುಗಳನ್ನು ಹೊತ್ತು ಮಹಡಿ ಹತ್ತುವುದನ್ನು ನಿಲ್ಲಿಸಿದ್ದೀಯೋ ಇಲ್ಲವೋ? ಇಲ್ಲ ಎಂದೇ ನನ್ನ ಅಂದಾಜು.

ಫೋನಿರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದುಕೊಳ್ಳುತ್ತೀಯ. ಫೋನಿನಲ್ಲಾದರೆ ಎರಡನೇ ಮಾತಿಗೇ "ಸರಿ ಬಿಡು ಬುಗುರಿ" ಎಂದು ಅಮ್ಮನ ಕೈಗೆ ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲಾಗುವುದಿಲ್ಲ. ದಯವಿಟ್ಟು ಕೊನೆಯವರೆಗೂ ಓದು.

ಮೊದಲು ಒಂದು ಸುಳ್ಳನ್ನು ಸರಿಮಾಡುತ್ತೇನೆ. ನಾನು ಶೂ ಕಂಪನಿಯ ಷೋರೂಮಿನಲ್ಲಿದ್ದೇನೆ ಎಂದು ಹೇಳಿದ್ದೆನಲ್ಲ, ಅದು ಷೋರೂಮೂ ಅಲ್ಲ, ಕಂಪನಿಯೂ ಅಲ್ಲ. ಎರಡು ಕೋಣೆಯ ಕಾರ್ಯಾಗಾರ. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ಎತ್ತರದ ಕನ್ನಡಿ. ಹಿಂದಿನದರಲ್ಲಿ ಮರದ ಅಚ್ಚುಗಳು, ಚರ್ಮ, ಅಂಟಿನ ವಾಸನೆ. ಇಲ್ಲಿ ಬರುವವರಿಗೆ ಅಂಗಡಿಯ ಶೂ ಆಗುವುದಿಲ್ಲ. ಒಬ್ಬರ ಪಾದ ಒಳಕ್ಕೆ ತಿರುಗಿರುತ್ತದೆ, ಒಬ್ಬರಿಗೆ ಬೆರಳಿರುವುದಿಲ್ಲ, ಹಲವರಿಗೆ ಒಂದು ಕಾಲು ಗಿಡ್ಡ. ನಾನು ಒಳಗೆ ಬಂದದ್ದೂ ಕೆಲಸ ಕೇಳಲು ಅಲ್ಲ, ಕಿತ್ತುಹೋದ ಚಪ್ಪಲಿ ರಿಪೇರಿಗೆ. ಯಜಮಾನರ ಬಾಯಿಯಲ್ಲಿ ಸದಾ ನಾಲ್ಕು ಮೊಳೆ ಇರುತ್ತವೆ, ಅದಕ್ಕೇ ಎಲ್ಲರೂ ಅವರನ್ನು ಮೊಳೆಮಾವ ಎನ್ನುತ್ತಾರೆ. ಅವರು ತುಟಿಯ ಸಂದಿಯಿಂದಲೇ, "ಕೈ ಖಾಲಿ ಇದೆಯಲ್ಲ, ಕೂತ್ಕೊಂಡು ನೀನೇ ಹೊಲಿ" ಎಂದರು. ಕುಳಿತೆ. ಹನ್ನೊಂದು ತಿಂಗಳಾಯಿತು. ಅದಕ್ಕೆ ಮೊದಲು ಪ್ರೆಸ್ಸಿನಲ್ಲಿ ಚೀಟಿ ಅಂಟಿಸುವ ಕೆಲಸ, ಟಾಕೀಸಿನಲ್ಲಿ ಟಿಕೆಟು ಹರಿಯುವ ಕೆಲಸ, ಔಷಧದ ಬಾಟಲಿ ತೊಳೆಯುವ ಕೆಲಸ, ಯಾವುದರಲ್ಲೂ ಎರಡು ತಿಂಗಳು ಕಾಲು ನಿಲ್ಲಲಿಲ್ಲ. ಇದಕ್ಕೇ ಹುಟ್ಟಿದ್ದೇನೆ ಎಂಬಂಥ ದೊಡ್ಡ ಮಾತು ನನಗೆ ಬರುವುದಿಲ್ಲ, ಅಪ್ಪಾ. ಬೆಳಿಗ್ಗೆ ಎದ್ದಾಗ ಎಲ್ಲಿಗೆ ಹೋಗಬೇಕೆಂದು ಈಗ ಕಾಲಿಗೆ ಗೊತ್ತಿರುತ್ತದೆ, ಅಷ್ಟೇ. ಆದರೂ ಇಲ್ಲಿ ಏನು ಮಾಡುತ್ತೇನೆಂದು ನಿನಗೆ ಹೇಳಲು ನಾಲಿಗೆ ಏಳಲಿಲ್ಲ. ಗಿಡ್ಡ ಕಾಲಿನ ಮಾತೆತ್ತಿದರೆ ಇನ್ನೊಂದು ಮಾತು ತಾನಾಗಿ ಹಿಂದೆಯೇ ಬರುತ್ತದೆಂಬ ಹೆದರಿಕೆ.

ಎರಡು ತಿಂಗಳ ಹಿಂದೆ ಟೈಲರ್ ಅಕ್ಕ ಒಬ್ಬರು ಬಂದರು. ದಿನವಿಡೀ ನಿಂತು ಬಟ್ಟೆ ಕತ್ತರಿಸುವ ಕೆಲಸ, ಬಲಗಾಲು ಗಿಡ್ಡ. ಇಂಥವರನ್ನು ಬರಿಗಾಲಲ್ಲಿ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ತೆಳ್ಳನೆಯ ಮರದ ಹಲಗೆಗಳನ್ನು ಒಂದರ ಮೇಲೊಂದು ಇಡುತ್ತಾ ಹೋಗುತ್ತೇವೆ. ಸೊಂಟ ಎರಡೂ ಕಡೆ ಸಮಕ್ಕೆ ಬಂದಾಗ ಹಲಗೆಗಳನ್ನು ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಲಗೆ ಇಟ್ಟವಳು ನಾನೇ, ಮೂರು ಸೆಂಟಿಮೀಟರ್. ಮೊಳೆಮಾವ ಮಾತ್ರ ಚೀಟಿಯಲ್ಲಿ ಒಂದೂವರೆ ಎಂದು ಬರೆದರು. ಮುದುಕರಿಗೆ ಕಣ್ಣು ಮಂಜಾಗಿದೆ ಎಂದುಕೊಂಡು, ಕೇಳುವ ಸೌಜನ್ಯವೂ ಇಲ್ಲದೆ, ಅದನ್ನು ಹೊಡೆದುಹಾಕಿ ಮೂರು ಎಂದು ತಿದ್ದಿದೆ. ಬಲ ಶೂವಿನಡಿಗೆ ಅಷ್ಟು ಎತ್ತರದ ಅಟ್ಟೆಯನ್ನೂ ನಾನೇ ಕಟ್ಟಿದೆ. ನನ್ನ ಕೈಯಿಂದ ಪೂರ್ತಿಯಾಗಿ ಆದ ಮೊದಲ ಜೋಡಿ, ನೆಲಕ್ಕಿಟ್ಟು ಹತ್ತು ಸಲ ನೋಡಿ ಬೀಗಿದೆ. ನಾಲ್ಕನೇ ದಿನ ಆ ಅಕ್ಕ ಗಂಡನ ಹೆಗಲು ಹಿಡಿದು ಬಂದರು. ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಬೆನ್ನು ಸೆಟೆದುಕೊಂಡಿದೆ, ಬಚ್ಚಲಿನ ಹೊಸ್ತಿಲಲ್ಲಿ ಬಿದ್ದು ಮೊಣಕೈ ತರಚಿಹೋಗಿದೆ. "ನಾನು ಓರೆಯಾಗೇ ಚೆನ್ನಾಗಿದ್ದೆ, ಯಾಕಪ್ಪಾ ನನ್ನ ನೆಟ್ಟಗೆ ಮಾಡಿದ್ರಿ?" ಎಂದು ಅತ್ತರು. ಮೊಳೆಮಾವ ಚೀಟಿ ನೋಡಿದರು. ನಾನು ಬಾಯಿ ಬಿಡುವ ಮೊದಲೇ, "ತಪ್ಪು ನಮ್ಮದೇ ತಾಯಿ" ಎಂದುಬಿಟ್ಟರು. "ನಮ್ಮದಲ್ಲ, ನನ್ನದು. ನಾನು ತಿದ್ದಿದ್ದು" ಎಂದೆ.

ಅವರು ಬೈಯಲಿಲ್ಲ. ಮೊಳೆಗಳನ್ನು ಅಂಗೈಗೆ ಉಗಿದುಕೊಂಡು, "ಲೆಕ್ಕ ನಿಂದೇ ಸರಿ. ಆದ್ರೆ ಮೂವತ್ತು ವರ್ಷ ವಾಲಿಕೊಂಡು ನಡೆದ ಮೈ ಅದು, ಒಂದೇ ದಿನಕ್ಕೆ ನೆಟ್ಟಗೆ ನಿಲ್ಲು ಅಂದ್ರೆ ನಿಲ್ಲುತ್ತಾ? ಮೊದಲು ಅರ್ಧ. ಅದು ಒಗ್ಗಿದ ಮೇಲೆ ಇನ್ನಷ್ಟು" ಎಂದರು. ಆ ಅಕ್ಕನಿಗೆ ಅವತ್ತೇ ಕುಳಿತು ಅಟ್ಟೆ ಬಿಚ್ಚಿ ಅರ್ಧಕ್ಕೆ ಇಳಿಸಿದೆವು. ಆಮೇಲೆ ಮೊಳೆಮಾವ ನನ್ನ ಎಡ ಶೂವಿನ ಕೆಳಗೆ ಮೂರು ಸೆಂಟಿಮೀಟರಿನ ಅಟ್ಟೆ ಅಂಟಿಸಿ, "ಒಂದು ವಾರ ಹಾಕ್ಕೊಂಡು ಓಡಾಡು. ಶಿಕ್ಷೆ ಅಲ್ಲ ಮಗಳೇ, ಗೊತ್ತಿರಲಿ ಅಂತ" ಎಂದರು.

ಮೊದಲ ದಿನ ಚರ್ಮ ತರಲು ಹೊರಟೆ. ಗೋದಾಮಿನ ಉದ್ದನೆಯ ಖಾಲಿ ಓಣಿ, ಸಿಮೆಂಟಿನ ನೆಲ. ಹತ್ತು ಹೆಜ್ಜೆ ಹಾಕಿರಬೇಕು, ನನ್ನ ಹಿಂದೆ ನೀನು ಬರುತ್ತಿರುವುದು ಕೇಳಿಸಿತು. ಟಕ್, ಸರ್ರ್. ಟಕ್, ಸರ್ರ್. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಸದ್ದು ನನ್ನ ಕಾಲಿನದೇ. ಅಲ್ಲೇ ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟೆ.

ಅಪ್ಪಾ, ಒಂಬತ್ತನೇ ತರಗತಿಯ ಆ ಮಧ್ಯಾಹ್ನ ನಿನಗೆ ನೆನಪಿದೆ ಎಂದು ನನಗೆ ಗೊತ್ತು. ಮೇಷ್ಟ್ರು ಬಂದಿರಲಿಲ್ಲ. ಹುಡುಗರು ನಿನಗೆ ಇಟ್ಟಿದ್ದ ಅಡ್ಡಹೆಸರು ನನ್ನ ಕಿವಿಗೂ ಬಿದ್ದಿತ್ತು. ಅವರು ನನ್ನ ಮುಂದೆ ನಗುವ ಮೊದಲೇ ನಾನೇ ನಗಿಸಿಬಿಟ್ಟರೆ ಗೆದ್ದ ಹಾಗೆ ಎಂದುಕೊಂಡೆ. ಕೈಯಲ್ಲಿ ಜಗ್ಗು ಹಿಡಿದವಳಂತೆ ಭುಜ ಕುಣಿಸುತ್ತಾ, ಬಲಗಾಲು ಎಳೆಯುತ್ತಾ, ಕಪ್ಪುಹಲಗೆಯ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಎರಡನೇ ಸುತ್ತಿಗೆ ನಗು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ನೀನಿದ್ದೆ. ಒಳಗೆ ಬಂದು ಜಗ್ಗನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ನೀರಿಟ್ಟಿದೀನಿ" ಎಂದು ಹೊರಟುಹೋದೆ. ಮರುದಿನದಿಂದ ನಮ್ಮ ತರಗತಿಗೆ ನೀರು ತಂದದ್ದು ಆಯಮ್ಮ. ಮನೆಯಲ್ಲಿ ನೀನು ಚಕಾರ ಎತ್ತಲಿಲ್ಲ. ಎರಡು ಏಟು ಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಲೆಕ್ಕ ತಲೆಗೆ ಹತ್ತುವುದಿಲ್ಲ, ಲೆಕ್ಕದ ಮೇಷ್ಟ್ರು ಎಲ್ಲರೆದುರು ಅವಮಾನ ಮಾಡುತ್ತಾರೆ ಎಂದು ನಾನು ಶಾಲೆ ಬಿಟ್ಟದ್ದು ಅದಾದ ಎರಡೇ ವಾರಕ್ಕೆ. ಶುದ್ಧ ಸುಳ್ಳು. ಆ ಮೇಷ್ಟ್ರು ಯಾರಿಗೂ ಜೋರು ಮಾಡಿದವರಲ್ಲ. ನೀನು ಇಟ್ಟುಹೋದ ಜಗ್ಗು ಕಣ್ಣಿಗೆ ಬೀಳುವ ಕೋಣೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಇದ್ದದ್ದು ಅಷ್ಟೇ. ನೀನು ನನ್ನನ್ನೇ ನಂಬಿ ಅವರೊಂದಿಗೆ ಜಗಳವಾಡಿದೆ. ದಿನಾ ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಇವತ್ತಿಗೂ ಮಾತಾಡುವುದಿಲ್ಲವಂತೆ. ಅಣಕಿಸಿದ್ದು ಸಾಲದೆಂದು ನಿನ್ನ ಸ್ನೇಹಿತನನ್ನೂ ಕಿತ್ತುಕೊಂಡೆ. ಅವರಿಗೆ ಈ ಕಾಗದ ತೋರಿಸು. ತೋರಿಸಲೇಬೇಕು.

ಆ ಒಂದು ವಾರದಲ್ಲಿ ಇನ್ನೊಂದು ಗೊತ್ತಾಯಿತು. ನಾನು ಅಣಕಿಸಿದ್ದು ನಿನ್ನ ನಡಿಗೆಯೇ ಅಲ್ಲ. ಭುಜ ಕುಣಿಯುವುದೇ ಇಲ್ಲ. ಕುಣಿದರೆ ಕೈಯಲ್ಲಿರುವುದು ಚೆಲ್ಲುತ್ತದೆ. ಎಲ್ಲವನ್ನೂ ಸೊಂಟವೇ ಸಂಭಾಳಿಸಬೇಕು, ಭಾರವೆಲ್ಲ ಉದ್ದನೆಯ ಕಾಲಿನ ಮಂಡಿಗೆ ಬೀಳುತ್ತದೆ. ನಿನ್ನ ಎಡ ಮಂಡಿ ಯಾಕೆ ಊದುತ್ತದೆಂದು ನನಗೆ ಮೂರನೇ ದಿನ ಮೆಟ್ಟಿಲ ಮೇಲೆ ತಿಳಿಯಿತು. ನೀನು ಇಪ್ಪತ್ತೆರಡು ವರ್ಷ ತುಂಬಿದ ಜಗ್ಗುಗಳೊಂದಿಗೆ ಆ ಮಹಡಿ ಹತ್ತಿದ್ದೀಯ, ಜಗಲಿಯಲ್ಲಿ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ. ಈ ಕೆಲಸ ನನ್ನನ್ನು ಹಿಡಿದಿಟ್ಟಿರುವುದು ನನ್ನ ಒಳ್ಳೆಯತನದಿಂದ ಎಂದು ಯಾರಾದರೂ ಹೊಗಳಿದರೆ ನಂಬಬೇಡ. ಬರುವವರ ಕಾಲಿನ ಕೆಳಗೆ ಹಲಗೆ ಇಡುವಾಗಲೆಲ್ಲ ನನಗೆ ನೀನು ನಿಂತಿದ್ದ ಆ ತರಗತಿಯ ಬಾಗಿಲು ಕಾಣುತ್ತದೆ. ಆದರೂ ಈ ಕೆಲಸ ಬಿಡಲಾರೆ. ಬಿಟ್ಟು ಓಡುವುದು ಒಂದು ಸಲಕ್ಕೆ ಸಾಕು.

ಟೈಲರ್ ಅಕ್ಕ ಮೊನ್ನೆ ಎರಡನೇ ಅಳತೆಗೆ ಬಂದಿದ್ದರು. ನನ್ನನ್ನು ನೋಡಿ, "ಇವತ್ತು ಚೀಟಿ ತಿದ್ದಬೇಡಮ್ಮ ಪುಣ್ಯಾತ್ಗಿತ್ತಿ" ಎಂದು ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ಎತ್ತಲಾಗಲಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ. ಆಯಮ್ಮನಿಗೂ ನಮಸ್ಕಾರ ತಿಳಿಸು. ನಿನ್ನ ಆರೋಗ್ಯ ನೋಡಿಕೋ. ಕ್ಷಮಿಸು ಎಂದು ಕೇಳಿದರೆ "ಸರಿ ಬಿಡು" ಎಂದುಬಿಡುತ್ತೀಯ, ಅದಕ್ಕೇ ಕೇಳುತ್ತಿಲ್ಲ.

ನಿನ್ನ,
ಬುಗುರಿ

ತಾ. ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಒಳಗೆ ಎರಡು ದೊಡ್ಡ ಹಾಳೆ ಇಟ್ಟಿದ್ದೇನೆ. ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ನಿಲ್ಲು, ಅಮ್ಮ ಸುತ್ತ ಗೆರೆ ಎಳೆಯಲಿ. ಪೆನ್ಸಿಲ್ ನೆಟ್ಟಗೆ ಹಿಡಿಯಬೇಕು, ಓರೆ ಹಿಡಿದರೆ ಅಳತೆ ತಪ್ಪುತ್ತದೆ. ಆಮೇಲೆ ಅಟ್ಟದಲ್ಲಿರುವ ನನ್ನ ಒಂಬತ್ತನೇ ತರಗತಿಯ ಪುಸ್ತಕಗಳನ್ನು ಬಲಗಾಲಿನ ಕೆಳಗೆ ಒಂದೊಂದಾಗಿ ಇಟ್ಟುಕೊಳ್ಳುತ್ತಾ ಹೋಗು. ಸೊಂಟ ಸಮ ಆಯಿತು ಎಂದು ಅಮ್ಮ ಹೇಳಿದಾಗ ನಿಲ್ಲಿಸಿ, ದಪ್ಪ ಎಷ್ಟೆಂದು ಅಳೆದು ಬರೆಯಿರಿ. ಪುಸ್ತಕ ಕಾಲಿಗೆ ತಾಗಿದರೂ ನೊಂದುಕೊಳ್ಳುವವನು ನೀನು. ಆದರೆ ನಾನು ಆ ಪುಸ್ತಕಗಳಿಗೆ ಮಾಡಿದ್ದಕ್ಕಿಂತ ದೊಡ್ಡ ಅವಮಾನ ನಿನ್ನ ಪಾದದಿಂದ ಆಗುವುದಿಲ್ಲ. ಮೊದಲ ಜೋಡಿಯಲ್ಲಿ ಅರ್ಧ ಎತ್ತರ ಮಾತ್ರ ಕೊಡುತ್ತೇನೆ, ಅದು ಒಗ್ಗಿದ ಮೇಲೆ ಇನ್ನಷ್ಟು. ನನಗೆ ಅವಸರವಿಲ್ಲ. ಕಾಗದ ಬರೆಯದಿದ್ದರೂ ಪರವಾಗಿಲ್ಲ ಅಪ್ಪಾ, ಹಾಳೆ ಕಳಿಸು.